ಚಾ ಆತೇನು, ಗಂಗಾ?

“ಏನ್ ಗಂ... ಗಂ... ಗಂಗಾ... ಚಾ...”

ಅಷ್ಟಕ್ಕೇ ದನಿ ನಿಂತಿತು. ಸ್ಪೀಕರಿನಲ್ಲಿ ಗರಗರ ಎಂದು ಏನೋ ಉಜ್ಜಿದ ಸದ್ದಾಯಿತು, ಆಮೇಲೆ ಅದೂ ಇಲ್ಲ. ಪರದೆಯ ಮೇಲೆ ಮರಳುಗಡಿಯಾರದ ಚಿತ್ರ ಅಲುಗಾಡದೆ ಕೂತಿತ್ತು.

“ಕೇಳಿದ್ರಲ್ಲಣ್ಣಾರ?” ಎಂದಳು ಗಂಗಾಂಬಿಕಾ. “ಮೊನ್ನಿ ತನಕ ತಡೆದು ತಡೆದು ಆದ್ರೂ ಪೂರ್ತಿ ಬರ್ತಿತ್ರಿ. ಈಗ ನನ್ನ ಹೆಸರು ಹೇಳಾಕೂ ಒದ್ದಾಡತೈತಿ.”

ಅದು ಅವಳ ಗಂಡನ ದನಿ. ರೇವಣಸಿದ್ದ ಗಣಿ ಕಂಪನಿಯೊಂದರಲ್ಲಿ ಸರ್ವೇಯರ್ ಆಗಿದ್ದ. ಕಂಪ್ಯೂಟರ್ ಆನ್ ಮಾಡಿದರೆ ಬರುವ ಟಿಣ್‌ಟಿಣ್ ಸಂಗೀತ ಕಿತ್ತುಹಾಕಿ, ಮೈಕು ಹಿಡಿದು ತನ್ನ ಮಾತನ್ನೇ ಅಲ್ಲಿ ಕೂರಿಸಿದ್ದ. ‘ಏನ್ ಗಂಗಾ, ಚಾ ಆತೇನು?’ ಅಡುಗೆಮನೆಯಲ್ಲಿದ್ದ ಹೆಂಡತಿ ನಗಲಿ ಎಂದು ಮಾಡಿದ ಹುಡುಗಾಟ ಅಷ್ಟೇ.

ಕಳೆದ ವಾರದ ಕಂತು ತಪ್ಪಿಸಿಕೊಂಡವರಿಗೆ ಒಂದೇ ಮಾತು: ಯಶವಂತನಗರದ ಆಚೆ ಗಣಿ ತಿರುವಿನಲ್ಲಿ ಅವನ ಜೀಪು ಉರುಳಿ ಸುಟ್ಟುಹೋಯಿತು, ಒಳಗಿದ್ದ ಗುರುತು ಸಿಗದ ಹೆಣವನ್ನು ಕೈಗಡಿಯಾರ ನೋಡಿ ಅವನದೆಂದು ಒಪ್ಪಿ ಮಣ್ಣು ಮಾಡಿದರು, ಪೊಲೀಸರು ಅಪಘಾತ ಎಂದರು, ಗಂಗಾಂಬಿಕಾ ಮಾತ್ರ ಕೊಲೆ ಎಂದು ನನ್ನ ಬಾಗಿಲು ತಟ್ಟಿದಳು.

ನಾನು ಹಂಪೇಶ್. ಹೊಸಪೇಟೆ ಸ್ಟೇಷನ್ ರಸ್ತೆಯಲ್ಲಿರುವ ನನ್ನ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ‘ಕಂಪ್ಯೂಟರ್ ರಿಪೇರಿ’ ಎಂದೂ, ಅದರ ಕೆಳಗೆ ಸಣ್ಣದಾಗಿ ‘ಖಾಸಗಿ ಪತ್ತೇದಾರಿ’ ಎಂದೂ ಬರೆದಿದೆ. ಮೇಲಿನ ಸಾಲು ಅನ್ನ ಹಾಕುತ್ತದೆ. ಕೆಳಗಿನ ಸಾಲು ನಿದ್ದೆ ಕೆಡಿಸುತ್ತದೆ.

ಈ ಕಂಪ್ಯೂಟರನ್ನು ನೋಡಬೇಕೆಂದು ಮೊದಲ ದಿನವೇ ಕೇಳಿದ್ದೆ. ಗಂಗಾಂಬಿಕಾ ಒಪ್ಪಿರಲಿಲ್ಲ. ಯಾರಾದರೂ ಮುಟ್ಟಿ ಆ ದನಿ ಅಳಿಸಿಹೋದರೆ ಎಂಬ ಹೆದರಿಕೆ. ದಿನಕ್ಕೊಮ್ಮೆ ಆನ್ ಮಾಡುವುದು, ದನಿ ಕೇಳುವುದು, ಆಫ್ ಮಾಡುವುದು. ಅವಳ ಪೂಜೆ ಅದೊಂದೇ ಆಗಿತ್ತು. ಈಗ ದನಿಯೇ ಮುರಿಯತೊಡಗಿದ ಮೇಲೆ ತಾನೇ ಫೋನು ಮಾಡಿ ಕರೆಸಿದ್ದಳು.

“ಯಾವಾಗಿಂದ ಹಿಂಗ ಆಗೇತ್ರಿ ಅಮ್ಮಾರ?”

“ನಾ ಕಂಪ್ಲಿಯಿಂದ ತಿರುಗಿ ಬಂದ ಮ್ಯಾಲೆ. ಮಣ್ಣು ಆದ ಮ್ಯಾಲೆ ನಮ್ಮಣ್ಣ ಬಂದು ತವರಿಗೆ ಕರಕೊಂಡು ಹೋಗಿದ್ರಿ. ವಾಪಸ್ ಬಂದು ಆನ್ ಮಾಡಿದ್ನಿ, ಅವತ್ತಿಂದಾನ ನಿಧಾನ.”

“ಅವತ್ತೇ ಹೇಳಬೇಕಿತ್ತಲ್ರಿ.”

ಅವಳು ಸೆರಗಿನಿಂದ ಮಾನಿಟರಿನ ಮೇಲಿನ ದೂಳು ಒರೆಸಿದಳು. “ನನಗ ಆಗ ಎಲ್ಲಾನೂ ನಿಧಾನಾನ ಆಗಿತ್ರಿ. ಹೊತ್ತು ಹೋಗತಿದ್ದಿಲ್ಲ. ಇದೂ ನನ್ನಂಗಾನ ಆಗೈತಿ ಅಂದ್ಕಂಡೆ.”

ನಾನು ಸ್ಕ್ರೂಡ್ರೈವರ್ ತೆಗೆದೆ.

ಸಂಡೂರು ರಸ್ತೆಗೆ ಅಂಟಿಕೊಂಡ ಮನೆ ಅದು. ಹಗಲೆಲ್ಲ ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತವೆ. ಕಿಟಕಿಯ ಕಂಬಿ, ಪರದೆ, ಉಪ್ಪಿನ ಡಬ್ಬಿ, ಎಲ್ಲದರ ಮೇಲೂ ಕೆಂಪು ದೂಳು. ನಮ್ಮೂರಲ್ಲಿ ಕಂಪ್ಯೂಟರ್ ರಿಪೇರಿ ಎಂದರೆ ಅರ್ಧ ಕಸ ಗುಡಿಸುವ ಕೆಲಸ. ದೂಳು ಫ್ಯಾನಿಗೆ ಮೆತ್ತಿಕೊಂಡರೆ ಒಳಗೆ ಕಾವೇರುತ್ತದೆ, ಕಾವೇರಿದರೆ ಯಂತ್ರ ತೆವಳುತ್ತದೆ. ಬೇಸಿಗೆಯಲ್ಲಿ ನಾವು ತೆವಳುವುದಿಲ್ಲವೇ, ಹಾಗೆ.

ಸಿಪಿಯು ಡಬ್ಬದ ಮಗ್ಗುಲು ಬಿಚ್ಚಿ ಬ್ರಷ್ ಆಡಿಸಿದೆ. ಕುಂಕುಮದಂಥ ಪುಡಿ ಉದುರಿತು. ‘ಇಷ್ಟೇ’ ಎಂದುಕೊಂಡು ಜಂಬದಿಂದ ಆನ್ ಮಾಡಿದೆ.

ಮರಳುಗಡಿಯಾರ ಮತ್ತೆ ಬಂದು ಕೂತಿತು. ನನ್ನ ಜಂಬ ಇಳಿಯಿತು.

ವೈರಸ್ ಇರಬಹುದೆಂದು ನನ್ನ ಸಿಡಿ ಹಾಕಿ ಹುಡುಕಿಸಿದೆ. ಇಲ್ಲ. ಆನ್ ಆಗುವಾಗಲೇ ತಾವಾಗಿ ಎದ್ದು ಕೂರುವ ಬೇಡದ ಪ್ರೋಗ್ರಾಮುಗಳಿವೆಯೇ ನೋಡಿದೆ. ಒಂದೂ ಇಲ್ಲ. ಇನ್ನೂ ವಿಚಿತ್ರವೆಂದರೆ, ಹಲವು ವರ್ಷ ಬಳಸಿದ ಯಂತ್ರದಲ್ಲಿ ಇರಬೇಕಾದ ಕಸಕಡ್ಡಿಯೂ ಇಲ್ಲ. ಮದುವೆಯ ಫೋಟೋಗಳು, ಒಂದಷ್ಟು ಹಾಡು, ವಿಂಡೋಸ್, ಅಷ್ಟೇ. ಹೊಸದಾಗಿ ಸಾರಿಸಿ ಗುಡಿಸಿದ ಮನೆಯ ಹಾಗಿತ್ತು.

ಆಗ ಕೇಳಿಸಿತು. ಟಕ್... ಟಕ್... ಒಳಗೆಲ್ಲೋ ಉಗುರಿನಿಂದ ತಟ್ಟಿದ ಸದ್ದು.

ಸರಿಯಾಗಿ ಕೇಳಲು ಆಗಲಿಲ್ಲ. ಪಡಸಾಲೆಯಲ್ಲಿ, ಕಂಪ್ಯೂಟರಿನಿಂದ ಮಾರು ದೂರದಲ್ಲಿ, ರೇವಣಸಿದ್ದನ ಹಾರ ಹಾಕಿದ ಫೋಟೋದ ಮುಂದೆ ಮಂತ್ರದ ಪೆಟ್ಟಿಗೆ ಹಾಡುತ್ತಿತ್ತು. ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು, ಎಡೆಬಿಡದೆ ‘ಓಂ ನಮಃ ಶಿವಾಯ’ ಎನ್ನುತ್ತದಲ್ಲ, ಅದು.

“ಅಮ್ಮಾರ, ಇದನ್ನ ಒಂದ್ ಗಳಿಗಿ ಆರಿಸ್ರಿ.”

“ಅದಕ್ಕ ಕೈ ಹಚ್ಚಬ್ಯಾಡ ತಮ್ಮಾ!”

ಒಳಬಾಗಿಲಿನಲ್ಲಿ ಮುದುಕಮ್ಮ ನಿಂತಿದ್ದಳು, ರೇವಣಸಿದ್ದನ ತಾಯಿ. ಹಣೆತುಂಬ ವಿಭೂತಿ, ಕೈಯಲ್ಲಿ ಅಕ್ಕಿ ಆರಿಸುತ್ತಿದ್ದ ಮೊರ. ಮಾತು ಕಡಿಮೆ, ಇದ್ದ ಮಾತಿನಲ್ಲೂ ಮುಳ್ಳೇ ಹೆಚ್ಚು.

“ನಮ್ಮ ಕೊಟ್ರಯ್ಯಮಾವ ಮಣ್ಣಾದ ಮರುದಿನ ತಂದಿಟ್ಟದ್ರಿ ಅದು,” ಗಂಗಾಂಬಿಕಾ ಸಣ್ಣದನಿಯಲ್ಲಿ ಹೇಳಿದಳು. “ಅತ್ತಿ ಅವತ್ತಿಂದ ಆರಿಸಗೊಡಂಗಿಲ್ಲ. ಕರೆಂಟ್ ಹೋದ್ರ ಅಷ್ಟ ಅದರ ಬಾಯಿ ಮುಚ್ಚತೈತಿ.”

ಸರಿ ಎಂದು ಡಬ್ಬಕ್ಕೇ ಕಿವಿ ಹಚ್ಚಿದೆ. ಟಕ್ ಟಕ್ ಬರುತ್ತಿದ್ದದ್ದು ಹಾರ್ಡ್ ಡಿಸ್ಕಿನಿಂದ. ಯಂತ್ರ ನೆನಪಿಟ್ಟುಕೊಳ್ಳುವುದೆಲ್ಲ ಅದರಲ್ಲೇ. ಆ ಸದ್ದು ಬಂತೆಂದರೆ ಡಿಸ್ಕಿಗೆ ಮುಪ್ಪು ಬಂದಿದೆ, ಇವತ್ತೋ ನಾಳೆಯೋ ಪ್ರಾಣ ಬಿಡುತ್ತದೆ ಎಂದರ್ಥ.

“ಅಂದ್ರ ದನಿ?” ಎಂದಳು ಗಂಗಾಂಬಿಕಾ.

“ಹೆದರಬ್ಯಾಡ್ರಿ. ಮೊದಲ ದನಿ ಇಳಿಸಿಕೊಳ್ತೀನಿ, ಆಮ್ಯಾಲೆ ಮಿಕ್ಕಿದ್ದು.”

ನನ್ನ ಪೆನ್ ಡ್ರೈವಿಗೆ ಆ ಒಂದೇ ಫೈಲು ಏರಿಸಲು ಯಂತ್ರ ಅಷ್ಟು ಹೊತ್ತು ತೆಗೆದುಕೊಂಡಿತು ಎಂದರೆ, ಅವಳು ನಡುವೆ ಎದ್ದು ಹೋಗಿ ಚಹಾ ಮಾಡಿ ತಂದಳು, ಕುಡಿದೆ, ಲೋಟ ತೊಳೆದಿಟ್ಟು ಬಂದಳು. ಮಿಕ್ಕ ಹೊತ್ತೆಲ್ಲ ಅವಳ ಕಣ್ಣು ಪರದೆಯ ಮೇಲೆಯೇ ಇತ್ತು. ಆಸ್ಪತ್ರೆಯ ಬಾಗಿಲ ಹೊರಗೆ ನಿಲ್ಲುವವರು ಹೀಗೆ ನೋಡುತ್ತಾರೆ. ನನಗೆ ನಿಜವಾಗಿಯೂ ಸಂಕಟವಾಯಿತು.

ಫೈಲು ಬಂತು. ಆಫ್ ಮಾಡಿ ಡಿಸ್ಕಿಗೆ ಕೈ ಹಾಕಿದೆ. ಹಾಕಿದ ಕೈ ಹಾಗೇ ನಿಂತಿತು.

ಡಬ್ಬದೊಳಗಿನ ಪ್ರತಿ ಸ್ಕ್ರೂವಿನ ತಲೆಯೂ ಕೆಂಪಾಗಿತ್ತು. ಡಿಸ್ಕನ್ನು ಹಿಡಿದಿದ್ದ ಸ್ಕ್ರೂಗಳು ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದವು. ಇತ್ತೀಚೆಗೆ ಯಾರೋ ಬಿಚ್ಚಿ ಹಾಕಿದ್ದಾರೆ.

ಡಿಸ್ಕು ಎಳೆದು ಅಂಗೈಯಲ್ಲಿಟ್ಟುಕೊಂಡೆ. ಗಂಗಾಂಬಿಕಾ ಬಗ್ಗಿ ನೋಡಿದಳು, ತಿರುಗಿಸಿ ನೋಡಿದಳು.

“ಇದು ನಮ್ದಲ್ರೀ.”

“ಹೆಂಗ ಹೇಳ್ತೀರಿ?”

“ವಿಭೂತಿ ಎಲ್ಲೈತ್ರಿ?” ಎಂದಳು. “ಆಯುಧಪೂಜಿಗೆ ಎಲ್ಲಾರೂ ಕಂಪ್ಯೂಟರಿನ ಮ್ಯಾಲೆ ಹಚ್ತಾರ. ಇವರು ಹಂಗಲ್ಲ, ಮಗ್ಗಲ ಬಿಚ್ಚಿ ಈ ಪೆಟಗಿಗೇನ ಹಚ್ಚೋರು. ಲಾರಿಯವರು ಬಾನೆಟ್ ಎತ್ತಿ ಇಂಜಿನ್ನಿಗೆ ಹಚ್ಚಂಗಿಲ್ಲೇನು, ಇದರ ಜೀವ ಇದರಾಗೈತಿ ಅನ್ನೋರು. ಮೂರು ಬಟ್ಟಿಲೆ ವಿಭೂತಿ, ನಡುವ ಕುಂಕುಮ. ತಾಟು ಹಿಡಕಂಡು ನಿಂತಾಕಿ ನಾನ. ಪ್ರತಿ ವರ್ಷ ಹಚ್ಚಿ ಹಚ್ಚಿ ಕಲೆ ಕಟ್ಟಿತ್ರಿ ಅದು.”

ನನ್ನ ಕೈಯಲ್ಲಿದ್ದ ಡಿಸ್ಕಿನ ಹಣೆ ಬೋಳಾಗಿತ್ತು. ಬೆನ್ನಿಗೆ ಒಂದು ಹಳೇ ಚೀಟಿ, ಮಾರ್ಕರ್ ಪೆನ್ನಿನಲ್ಲಿ ಬರೆದದ್ದು: ವೇಬ್ರಿಡ್ಜ್, ಯಶವಂತನಗರ.

ಯಶವಂತನಗರದ ದಾರಿಯಲ್ಲಿ ಅದಿರಿನ ಲಾರಿ ತೂಗುವ ಆ ವೇಬ್ರಿಡ್ಜ್ ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಮಾರುತೇಶನದು. ಬಂಡ್ರಿಯ ಕೂಲಿ ಮನೆಯಲ್ಲಿ ಹುಟ್ಟಿ, ಈಗ ಲಾರಿಗಳ ಸಾಲನ್ನೇ ಇಟ್ಟುಕೊಂಡವನು. ಕಾಡಿನ ಗಡಿಕಲ್ಲುಗಳನ್ನು ಕಿತ್ತು ಆಚೆ ನೆಟ್ಟು ಅಗೆಯುತ್ತಿದ್ದಾನೆಂದು ರೇವಣಸಿದ್ದ ಅವನೊಂದಿಗೆ ಜಗಳವಾಡಿದ್ದ, ಆ ಕಲ್ಲುಗಳ ಫೋಟೋ ತೆಗೆದು ಇದೇ ಕಂಪ್ಯೂಟರಿನಲ್ಲಿ ಇಟ್ಟಿದ್ದ. ಆ ಫೋಟೋಗಳಿದ್ದ ಡಿಸ್ಕು ಹೋಗಿ ಅದರ ಜಾಗದಲ್ಲಿ ಮಾರುತೇಶನ ಗುಜರಿ ಬಂದು ಕೂತಿತ್ತು.

“ನಾ ಹೇಳಲಿಲ್ಲಾ?” ಎಂದಳು ಗಂಗಾಂಬಿಕಾ. “ಅವನೇ ಕೊಂದಾನ. ಕೊಂದು, ಮನಿಗೂ ನುಗ್ಗ್ಯಾನ.”

ಒಳಬಾಗಿಲಿನಿಂದ ಮುದುಕಮ್ಮ ಹೇಳಿದಳು, “ಸತ್ತಾವ ಸತ್ತ. ಸುಮ್ನ ಯಾಕ ಕೆದಕ್ತಿ ತಮ್ಮಾ? ಕೆಟ್ಟದ್ದು ಒಗದು ಹೊಸಾದು ತರಣು, ಬಿಡು.”

ಆ ಬೋಳು ಡಿಸ್ಕನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ, ನಾನು ಬರುವ ತನಕ ಆನ್ ಮಾಡಬೇಡಿ ಎಂದು ಗಂಗಾಂಬಿಕಾಗೆ ಹೇಳಿ, ಬೈಕಿಗೆ ಕಿಕ್ ಹೊಡೆದೆ.

*

ಯಶವಂತನಗರ ಸೇರುವಷ್ಟರಲ್ಲಿ ನನ್ನ ಬಿಳಿ ಅಂಗಿ ಕಾವಿಯಾಗಿತ್ತು. ಚೀನಾಕ್ಕೆ ನಮ್ಮ ಮಣ್ಣು ಹೋಗಬೇಕಲ್ಲ, ಒಂದು ಗುಡ್ಡ ಒಂದು ಕಡೆಯಿಂದ ಖಾಲಿಯಾಗುತ್ತಿತ್ತು. ವೇಬ್ರಿಡ್ಜಿನ ಮುಂದೆ ಲಾರಿಗಳ ಸಾಲು, ಹಾರನ್ನು, ಬೈಗುಳ.

ಮಾರುತೇಶ ತೂಕದ ಕ್ಯಾಬಿನ್ನಿನಲ್ಲಿ ಎಸಿ ಹಾಕಿಕೊಂಡು ಕೂತಿದ್ದ. ಕೊರಳಲ್ಲಿ ದಪ್ಪ ಚಿನ್ನ, ಕಣ್ಣಕೆಳಗೆ ಕಪ್ಪು.

“ಬರ್ರಿ ಪತ್ತೇದಾರ್ರು. ಏನ್ ಇವತ್ತು ಕೋಳ ತಂದೀರೋ, ಸ್ಕ್ರೂಡ್ರೈವರ್ ತಂದೀರೋ?”

“ರೇವಣಸಿದ್ದನ ಮನಿಯಾಗ ನಿಮ್ಮ ಡಿಸ್ಕು ಸಿಕ್ಕೈತಿ. ನಿಮ್ಮ ಚೀಟಿ ಹಚ್ಚಿದ್ದು.”

ಅವನು ಗಾಬರಿಯಾಗುತ್ತಾನೆ ಎಂದುಕೊಂಡಿದ್ದೆ. ಅವನು ತಲೆ ಕೆರೆದುಕೊಂಡ.

“ಆ ಹಳೇದಾ? ಅದನ್ನ ರೇವಣಸಿದ್ದನೇ ಒಯ್ದಿದ್ದ. ಇಲ್ಲೇ ಮೂಲ್ಯಾಗ ಹಳೇ ಕಂಪ್ಯೂಟರ್ ಗುಜರಿಗೆ ಹಾಕಾಕ ಇಟ್ಟಿದ್ದೆ. ಜೀಪು ಬೀಳೋ ಹಿಂದಿನ ವಾರ ಬಂದು ಅದರ ಹೊಟ್ಟಿ ಬಗೆದು ತಗಂಡು ಹೋದ. ಕುತ್ತಿಗಿಗೆ ಬೀಳೋಹಂಗ ಜಗಳ ಆಡಿದಾವ, ಅವತ್ತು ಭಾಳ ನಯ ಮಾತಾಡಿದ. ನನಗ ಆಗಲೇ ಸಂಶಯ ಬಂದಿತ್ತು.”

“ನಿಮಗ ಬೇಕಾಗಿದ್ದದ್ದು ಅವನ ಡಿಸ್ಕು. ಹೌದಿಲ್ಲೋ?”

“ಬೇಕಾಗಿತ್ತು!” ಮೇಜು ಗುದ್ದಿದ. “ಸುಳ್ಳು ಯಾಕ ಹೇಳಲಿ? ಮಣ್ಣಾದ ಮ್ಯಾಲೆ ಮನಿಗೆ ಹೋಗಿದ್ದೆ. ಹೆಂಡ್ತಿ ಕಂಪ್ಲಿಗೆ ಹೋಗಿದ್ಲು, ಆ ಮುದುಕಿ ಒಬ್ಬಾಕೀನ ಇದ್ಲು. ಒಳಗ ಕಾಲಿಡಾಕ ಬಿಡಲಿಲ್ಲ. ಬಾಗಿಲಿಗೆ ಅಡ್ಡ ನಿಂತು ಮಣ್ಣು ತೂರಿದ್ಲು ನನಗ. ಹಂಗ ಬಂದೆ.”

“ಯಾರನ್ನಾದರೂ ಕಳಿಸಿ ತೆಗೆಸಿರಬಹುದಲ್ಲ?”

ಅವನು ನನ್ನನ್ನೇ ನೋಡಿದ. ದನಿ ಇಳಿಯಿತು.

“ಅದು ನನ್ನ ಕೈಗೆ ಸಿಕ್ಕಿದ್ರ ನಾ ಆರಾಮ ಇರ್ತಿದ್ದೆ ಸಾರ್. ನನ್ನ ಮುಖ ನೋಡ್ರಿ. ಉಂಡದ್ದು ಮೈಗೆ ಹತ್ತಿಲ್ಲ. ಆ ಫೋಟೋ ಯಾರ ಕೈಯಾಗ ಅದಾವು ಅಂತ ಗೊತ್ತಾಗೋ ತನಕ ನನಗ ನಿದ್ದಿ ಇಲ್ಲ.”

ಕಳ್ಳನ ಬಾಯಿಂದ ನಿಜ ಬಂದಾಗ ಅದಕ್ಕೊಂದು ಬೇರೆ ವಾಸನೆ ಇರುತ್ತದೆ. ಇಷ್ಟವಿಲ್ಲದಿದ್ದರೂ ನಂಬಿದೆ.

ಹೊರಗೆ ಬಂದು ಬೈಕಿನ ಮೇಲೆ ಕೂತೆ. ಡಿಸ್ಕು ಒಯ್ದವನು ರೇವಣಸಿದ್ದ. ಅವನು ಸತ್ತ. ಅವನು ಸತ್ತ ಮೇಲೆ ಅದೇ ಡಿಸ್ಕು ಅವನ ಮನೆಯ ಕಂಪ್ಯೂಟರಿನೊಳಗೆ ಹೋಗಿ ಕೂತಿತು. ಅವನಿಂದ ಅದನ್ನು ಪಡೆದುಕೊಂಡವರು ಯಾರು? ಮುದುಕಮ್ಮ ಯಾರಿಗಾದರೂ ಬಾಗಿಲು ತೆಗೆದಳೇ?

ಸಂಡೂರಿನ ಗುಡ್ಡ ಇಳಿದು ಹೊಸಪೇಟೆ ಸೇರುವ ತನಕ ಇದೇ ಪ್ರಶ್ನೆಯನ್ನು ಅಗಿದೆ. ಹತ್ತಲಿಲ್ಲ, ಹರಿಯಲಿಲ್ಲ.

*

ನನ್ನ ಕೋಣೆ ಒಂದು ಲಾಡ್ಜಿನ ಹಿಂಬದಿಗಿದೆ. ರಸ್ತೆ ಕಾಣುವುದಿಲ್ಲ, ಸದ್ದೂ ಬರುವುದಿಲ್ಲ. ಬಾಡಿಗೆಗೆ ಕೊಡುವಾಗ ಮಾಲೀಕ ಅದನ್ನೇ ದೊಡ್ಡ ಸೌಕರ್ಯವೆಂದು ಹೊಗಳಿದ್ದ. ಅವನಿಗೇನು ಗೊತ್ತು? ಬೀಗ ತೆಗೆದು ಒಳಗೆ ಹೋದರೆ ಬೀಗದ ಸದ್ದೇ ಕೊನೆಯ ಮಾತು.

ಕೈಕಾಲು ತೊಳೆದು ನನ್ನ ಕಂಪ್ಯೂಟರಿಗೆ ಪೆನ್ ಡ್ರೈವ್ ಸಿಕ್ಕಿಸಿದೆ. ಫೈಲು ಸರಿಯಾಗಿ ಬಂದಿದೆಯೇ ನೋಡಬೇಕಿತ್ತು.

“ಏನ್ ಗಂಗಾ, ಚಾ ಆತೇನು?”

ಒಂದು ಅಕ್ಷರವೂ ಮುರಿದಿರಲಿಲ್ಲ. ಸ್ವಲ್ಪ ಆಯಾಸದ, ಸ್ವಲ್ಪ ಸಲಿಗೆಯ ದನಿ. ಹೊರಗಿನಿಂದ ಬಂದು ಚಪ್ಪಲಿ ಬಿಡುತ್ತ ಕೇಳಿದಂತಿತ್ತು.

ಇನ್ನೊಮ್ಮೆ ಹಾಕಿದೆ. ಮತ್ತೊಮ್ಮೆ ಹಾಕಿದೆ. ಪತ್ತೇದಾರಿಕೆಗೆಂದು ಹಾಕಲಿಲ್ಲ. ಆ ಕೋಣೆಯಲ್ಲಿ ಇನ್ನೊಬ್ಬ ಮನುಷ್ಯನ ದನಿ ಕೇಳಿ ಬಹಳ ಕಾಲವಾಗಿತ್ತು, ಅಷ್ಟೇ. ಕರೆದದ್ದು ನನ್ನನ್ನಲ್ಲ ಎಂದು ಗೊತ್ತಿದ್ದೂ ಹಿತವಾಗಿತ್ತು. ಗಂಗಾಂಬಿಕಾ ದಿನಾ ಏಕೆ ಕೇಳುತ್ತಾಳೆ ಎಂಬುದು ಆಗ ತಿಳಿಯಿತು.

ಎಷ್ಟನೆಯ ಸಲವೋ ಹಾಕಿದಾಗ, ಮಾತು ಮುಗಿದ ಮೇಲೆ ಉಳಿಯುವ ಒಂದು ಚೂರು ಮೌನದಲ್ಲಿ, ಏನೋ ಕೇಳಿಸಿತು.

ವಾಲ್ಯೂಮ್ ಪೂರ್ತಿ ಏರಿಸಿ ಸ್ಪೀಕರಿಗೆ ಕಿವಿ ಹಚ್ಚಿದೆ.

‘ಚಾ ಆತೇನು’ ಎಂಬ ಮಾತಿನ ಹಿಂದೆ, ದೂರದಲ್ಲಿ, ತೆಳ್ಳಗೆ: ‘...ಮಃ ಶಿವಾಯ... ಓಂ ನ...’

ನಾನು ಕುರ್ಚಿಯಿಂದ ಎದ್ದುನಿಂತೆ.

ಆ ಮನೆಯಲ್ಲಿ ಯಾರಿಗೂ ಇದು ಕೇಳಿಸಿರಲು ಸಾಧ್ಯವೇ ಇರಲಿಲ್ಲ. ಅಲ್ಲಿ ಹಗಲೂ ಇರುಳೂ ಮಂತ್ರದ ಪೆಟ್ಟಿಗೆ ಹಾಡುತ್ತಲೇ ಇರುತ್ತದೆ. ಹೊರಗಿನ ಮಂತ್ರದಲ್ಲಿ ಒಳಗಿನ ಮಂತ್ರ ಕರಗಿಹೋಗಿತ್ತು. ಹಾಳು ಸುರಿಯುವ ನನ್ನ ಕೋಣೆಯಲ್ಲಿ ಮಾತ್ರ ಅದು ಬೇರೆಯಾಗಿ ಕೇಳಿಸಿತು.

ಆ ಪೆಟ್ಟಿಗೆ ಮನೆಗೆ ಬಂದದ್ದು ಯಾವಾಗ? ರೇವಣಸಿದ್ದನನ್ನು ಮಣ್ಣು ಮಾಡಿದ ಮರುದಿನ.

ಅಂದ ಮೇಲೆ ಈ ದನಿ ಅವನು ಬದುಕಿದ್ದಾಗ ಹಿಡಿದಿಟ್ಟದ್ದಲ್ಲ. ಮಣ್ಣಾದ ಮೇಲೆ ಹಿಡಿದದ್ದು. ತನ್ನ ಫೋಟೋಕ್ಕೆ ಹಾರ ಹಾಕಿದ್ದಾರೆ, ಅದರ ಮುಂದೆ ಮಂತ್ರ ನಡೆಯುತ್ತಿದೆ, ಪಕ್ಕದಲ್ಲೇ ಕೂತು ಅವನು ಮೈಕು ಹಿಡಿದು ಹೆಂಡತಿಗೆ ಚಹಾ ಕೇಳಿದ್ದಾನೆ.

ಮಿಕ್ಕದ್ದೆಲ್ಲ ತಾನಾಗಿ ಜೋಡಿಸಿಕೊಂಡಿತು. ಗಡಿಕಲ್ಲಿನ ಫೋಟೋಗಳಿದ್ದ ಡಿಸ್ಕನ್ನು ಒಯ್ಯಲು ಬಂದಿದ್ದಾನೆ. ಖಾಲಿ ಬಿಟ್ಟರೆ ಗೊತ್ತಾಗುತ್ತದೆಂದು ಗುಜರಿ ಡಿಸ್ಕು ಹಾಕಿ, ಹೊಸದಾಗಿ ವಿಂಡೋಸ್ ತುಂಬಿ, ಮದುವೆ ಫೋಟೋ, ಹಾಡು ಎಲ್ಲ ಏರಿಸಿದ್ದಾನೆ. ಆದರೆ ಆ ದನಿ ಫೋಟೋಗಳ ಜೊತೆ ಇರುವುದಿಲ್ಲ, ವಿಂಡೋಸಿನ ಹೊಟ್ಟೆಯಲ್ಲಿ ಬೇರೆ ಕಡೆ ಇರುತ್ತದೆ. ಅದನ್ನು ಮರೆತ. ಕೊನೆಗೆ ಆನ್ ಮಾಡಿ ನೋಡಿದಾಗ ಟಿಣ್‌ಟಿಣ್ ಸಂಗೀತ ಬಂದಿರಬೇಕು. ಹಳೇ ಡಿಸ್ಕನ್ನು ಮತ್ತೆ ಜೋಡಿಸುವಷ್ಟು ಪುರುಸೊತ್ತು ಇರಲಿಲ್ಲವೇನೋ, ತಾನೇ ಮತ್ತೆ ಮೈಕು ಹಿಡಿದ.

ಪ್ರೀತಿಗೆ ಹಿಡಿದನೋ, ಗುಟ್ಟು ಬಯಲಾದೀತೆಂದು ಹಿಡಿದನೋ? ಹೆಂಡತಿ ಅವನ ದನಿ ಕಳೆದುಕೊಳ್ಳಬಾರದು ಎಂದೋ, ಅವಳಿಗೆ ಸಂಶಯ ಬರಬಾರದು ಎಂದೋ? ಅದು ನನಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ಆ ಹೆಣ್ಣಿಗೆ ಹೇಗೆ ಹೇಳುವುದು ಎಂಬುದಂತೂ ತಿಳಿಯಲೇ ಇಲ್ಲ.

*

ಇಳಿಹೊತ್ತಿಗೆ ಮತ್ತೆ ಸಂಡೂರು ರಸ್ತೆಯ ಮನೆಗೆ ಹೋದೆ. ಮುದುಕಮ್ಮ ಒಬ್ಬಳೇ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು.

“ಗಂಗಾ ಗಿರಣಿಗೆ ಹೋಗ್ಯಾಳ. ಬರ್ತಾಳ, ಕುಂದ್ರು.”

ನಾನು ಕೂರಲಿಲ್ಲ. ನೇರ ಫೋಟೋದ ಬಳಿ ಹೋಗಿ ಮಂತ್ರದ ಪೆಟ್ಟಿಗೆಯ ಪ್ಲಗ್ಗು ಕಿತ್ತೆ.

“ಏ! ಹೇಳೀನಿಲ್ಲ ನಿನಗ?” ಬತ್ತಿ ಕೆಳಗೆ ಬಿತ್ತು.

“ಒಂದೇ ಗಳಿಗಿ ಅವ್ವಾರ. ನಿಮ್ಮ ಮಗನ ದನಿ ಕೇಳಣು, ಕುಂದ್ರಿ.”

ಕಂಪ್ಯೂಟರ್ ಆನ್ ಮಾಡಿದೆ.

ಅದರ ಆಮೆನಡಿಗೆಗೆ ಬೆಳಿಗ್ಗೆ ಬೈದಿದ್ದೆ, ಈಗ ಕೈ ಮುಗಿಯಬೇಕೆನಿಸಿತು. ಪರದೆ ಕಪ್ಪಗಿತ್ತು. ಡಿಸ್ಕು ಟಕ್ ಟಕ್ ಎನ್ನುತ್ತಿತ್ತು. ಮುದುಕಮ್ಮ ಪರದೆ ನೋಡಿದಳು, ನನ್ನನ್ನು ನೋಡಿದಳು, ಬಾಗಿಲು ನೋಡಿದಳು.

“ಮಾರುತೇಶ ಬಂದಾಗ ಬಾಗಿಲಿಗೆ ಅಡ್ಡ ನಿಂತ್ರಂತಲ್ಲ.”

“ನಿಂತೆ. ಕೊಲೆಗಡುಕನ್ನ ಒಳಗ ಕರದು ಮಣೆ ಹಾಕಲೇನು?”

“ಅವ ಕೊಲೆಗಡುಕ ಅಂತ ನೀವು ನಂಬೀರಾ?”

ಅವಳು ಪರದೆಯ ಕಡೆ ತಿರುಗಿದಳು. ಮರಳುಗಡಿಯಾರ ಬಂತು.

“ಬ್ಯಾರೆ ಯಾರಿಗೆ ಬಾಗಿಲು ತೆಗೆದ್ರಿ ಅವ್ವಾರ?”

“ಯಾರಿಗೂ ಇಲ್ಲ.”

“ಗಂಗಮ್ಮ ಕಂಪ್ಲಿಯಾಗ ಇದ್ದಾಗ?”

“ಇಲ್ಲಂದ್ನೆಲ್ಲ. ಆ ಪ್ಲಗ್ ಹಾಕು ಮೊದಲ.”

“ಹಾಕ್ತೀನಿ. ಇದು ಒಂದ್ ಮಾತು ಹೇಳಿ ಮುಗಿಸಲಿ.”

ಮರಳುಗಡಿಯಾರ ಹಾಗೇ ಇತ್ತು. ಮುದುಕಮ್ಮನ ಬೆರಳು ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದಿತ್ತು. ಒಂದು ಲಾರಿ ಹೋಯಿತು, ಕಿಟಕಿ ಅದುರಿತು. ಆಮೇಲೆ ಬಂತು.

“ಏನ್... ಗಂಗಾ... ಚಾ... ಆ... ತೇನು?”

ತಡವರಿಸಿದರೂ ಈ ಸಲ ಪೂರ್ತಿ ಬಂತು. ಅದರ ಬೆನ್ನಿಗೇ, ಪ್ಲಗ್ಗು ಕಿತ್ತ ಆ ಮನೆಯಲ್ಲಿ, ಸ್ಪೀಕರಿನೊಳಗಿನಿಂದ: ‘...ಶಿವಾಯ... ಓಂ ನಮಃ...’

ಮುದುಕಮ್ಮ ಕಿತ್ತಿಟ್ಟ ಪ್ಲಗ್ಗನ್ನೇ ನೋಡಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಗೋಡೆಗೆ ಆತುಕೊಂಡು ಮೆಲ್ಲಗೆ ಕೂತಳು.

“ಉಪಾಸ ಬಂದಿದ್ದ,” ಎಂದಳು. “ನನ್ನ ಕೂಸು. ಮೈಯೆಲ್ಲ ಕೆಂಪು ಮಣ್ಣು. ಹಿತ್ತಲ ಬಾಗಲಿಗೆ ಬಂದು ಅವ್ವಾ ಅಂದ. ದೆವ್ವ ಅಂದ್ಕಂಡೆ. ದೆವ್ವ ಆದ್ರೂ ನನ್ನ ಮಗನ ದೆವ್ವ ಅಲ್ಲೇನು, ಬಾಗಲಾ ತೆಗದೆ.”

“ಸೊಸಿಗೆ ಯಾಕ ಹೇಳಲಿಲ್ಲ?”

“ಆಣೆ ಹಾಕಿಸಿಕೊಂಡ. ಮಾರುತೇಶನ ಮಂದಿ ಈ ಮನೀನ ಕಾಯತಾರ, ಗಂಗಾಗ ತಿಳಿದ್ರ ಆಕಿ ಮಾರಿ ಮ್ಯಾಲೆ ಕಾಣತೈತಿ ಅಂದ. ಆಕಿ ಅಳಾದು ಖರೇ ಇರಬೇಕು, ಅಂದ್ರ ನಾ ಸತ್ತೀನಿ ಅಂತ ಮಂದಿ ನಂಬತಾರ ಅಂದ.” ಕೆಳಗೆ ಬಿದ್ದ ಬತ್ತಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. “ನಾ ಮುದುಕಿ. ಅಳದಿದ್ರ ಕಲ್ಲು ಅಂತಾರ, ಅಷ್ಟ. ಆಕಿ ಅಳಬೇಕಾಗಿತ್ತು.”

ನನಗೆ ಸಿಟ್ಟು ಬಂತು. ಒಬ್ಬ ಹೆಂಗಸಿನ ಕಣ್ಣೀರನ್ನು ಬೇಲಿ ಮಾಡಿಕೊಂಡು ಬದುಕುವುದು ಎಂಥ ಬದುಕು ಎಂದು ಕೇಳಬೇಕೆಂದು ಬಾಯಿ ತೆರೆದೆ.

ಮುದುಕಮ್ಮ ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು.

ತಿರುಗಿದೆ. ಹೊಸಿಲ ಮೇಲೆ ಗಂಗಾಂಬಿಕಾ ನಿಂತಿದ್ದಳು. ಸೊಂಟದ ಮೇಲೆ ಜೋಳದ ಹಿಟ್ಟಿನ ಡಬ್ಬ, ಮುಂದಲೆಯ ಮೇಲೆಲ್ಲ ಗಿರಣಿಯ ಹಿಟ್ಟು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಎಲ್ಲವನ್ನೂ ಕೇಳಿದ್ದಳೆಂದು ಮುಖ ಹೇಳುತ್ತಿತ್ತು.

ಅಳುತ್ತಾಳೆ ಎಂದುಕೊಂಡೆ, ಕಿರುಚುತ್ತಾಳೆ ಎಂದುಕೊಂಡೆ. ಅವಳು ಡಬ್ಬವನ್ನು ಜೋಪಾನವಾಗಿ ಕೆಳಗಿಟ್ಟಳು. ಅತ್ತೆಯ ಎದುರಿಗೆ ಬಂದು ನೆಲದ ಮೇಲೆ ಕೂತಳು.

“ಉಂಡ್ರಾ?” ಎಂದಳು.

“ಹ್ಞಾಂ?”

“ಅವತ್ತು ಬಂದಾಗ. ಉಪಾಸ ಇದ್ರು ಅಂದ್ರಲ್ಲ. ಉಂಡ್ರಾ?”

ಮುದುಕಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಗಂಗಾಂಬಿಕಾ ಕಾಯಲಿಲ್ಲ. ಅವಳ ಮುಖದಲ್ಲಿ ಒಂದು ಕ್ಷಣ ಬೆಳಕು ಬಂದದ್ದನ್ನು ನಾನು ನೋಡಿದೆ, ಗಂಡ ಬದುಕಿದ್ದಾನೆಂಬ ಬೆಳಕು. ಅದು ಬಂದಷ್ಟೇ ಬೇಗ ಆರಿತು. ತನ್ನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡಳು.

“ಅತ್ತಿ,” ಎಂದಳು, “ಆ ಕುಣಿಯಾಗ ಕುಂದ್ರಿಸಿದ ಹೆಣಕ್ಕ ಮೊದಲನೇ ಹಿಡಿ ಮಣ್ಣು ನನ್ನ ಕೈಲೆ ಹಾಕಿಸಿದ್ರಿ. ಕೈಯಾಗ ಇವರ ಗಡಿಯಾರ ಕಟ್ಟಿತ್ತು. ಇವರು ಬದುಕಿದ್ರ, ಅದು ಯಾರ ಹೆಣ?”

ಅಷ್ಟೂ ದಿನ ಕೊಲೆಗಾರನನ್ನು ಹುಡುಕಿದ್ದ ನಾನು, ಕೇಳಲೇಬೇಕಾದ ಆ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ.

ಮುದುಕಮ್ಮ ನನ್ನನ್ನು ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ.

“ನಾನೂ ಅದನ್ನ ಕೇಳಿದೆ,” ಎಂದಳು. “ಉಣ್ಣತಿದ್ದ ತಾಟು ಬಿಟ್ಟು ಎದ್ದು ಹೋದ.”